ಪರಮಾಣು ವಿದ್ಯುತ್: ಪ್ರಯೋಜನಗಳು ಮತ್ತು ಅಪಾಯಗಳು – ಗ್ರಾಹಕರ ಮಾಹಿತಿಗಾಗಿ

ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ತಾಲ್ಲೂಕುಗಳಿಗೆ ಬೆಂಗಳೂರು ವಿದ್ಯುತ್ ಸರಬರಾಜು ಕಂಪನಿಯು (ಬೆಸ್ಕಾಂ) ವಿದ್ಯುತ್ ವಿತರಿಸುತ್ತದೆ. ಹೊಸ ಸಂಪರ್ಕಕ್ಕೆ ಅರ್ಜಿ ಸಲ್ಲಿಸುವವರು ತಮಗೆ ಜಲವಿದ್ಯುತ್ತೇ ಬೇಕು ಅಥವಾ ಪರಮಾಣು ವಿದ್ಯುತ್ ಬೇಡ ಎಂದು ಸಾಮಾನ್ಯ ಅರ್ಜಿಯಲ್ಲಿ ಕೋರಲು ಅವಕಾಶವಿರುವುದಿಲ್ಲ. ಶರಾವತಿಯ ಜಲವಿದ್ಯುತ್, ರಾಯಚೂರಿನ ಕಲ್ಲಿದ್ದಲು ವಿದ್ಯುತ್ ಮತ್ತು ಕೈಗಾದ ಪರಮಾಣು ವಿದ್ಯುತ್ ಒಂದೇ ಜಾಲದಲ್ಲಿ ಬೆರೆತು ಹರಿಯುತ್ತವೆ. ಆದ್ದರಿಂದ ಈ ಭಾಗದ ಗ್ರಾಹಕರೆಲ್ಲರೂ ಕೈಗಾ ವಿದ್ಯುತ್ತಿನ ಬಳಕೆದಾರರೂ ಆಗಿರುತ್ತಾರೆ.

ವಿದ್ಯುತ್ ತಂತಿಯ ಮೂಲಕ ವಿಕಿರಣವು ಮನೆಗೆ ಬರುವುದಿಲ್ಲ ಎಂಬುದನ್ನು ಮೊದಲಿಗೆ ತಿಳಿಯಪಡಿಸಲಾಗಿದೆ. ವಿಕಿರಣದ ಪ್ರಶ್ನೆ ಇರುವುದು ಸ್ಥಾವರದ ಒಳಗೆ ಮತ್ತು ಅದರ ಸುತ್ತಮುತ್ತ.

ಕೈಗಾ ಸ್ಥಾವರ

ಉತ್ತರ ಕನ್ನಡ ಜಿಲ್ಲೆಯ ಕಾರವಾರ ತಾಲ್ಲೂಕಿನಲ್ಲಿ, ಕಾಳಿ ನದಿಯ ದಂಡೆಯಲ್ಲಿ ಭಾರತೀಯ ಪರಮಾಣು ವಿದ್ಯುತ್ ನಿಗಮವು ಈ ಸ್ಥಾವರವನ್ನು ನಡೆಸುತ್ತಿದೆ. ತಲಾ 220 ಮೆಗಾವಾಟ್ ಸಾಮರ್ಥ್ಯದ ನಾಲ್ಕು ಘಟಕಗಳಿವೆ. ಮೊದಲ ಎರಡು ಘಟಕಗಳು 2000ದಲ್ಲಿ, ಮೂರನೆಯದು 2007ರಲ್ಲಿ ಮತ್ತು ನಾಲ್ಕನೆಯದು 2011ರಲ್ಲಿ ವಾಣಿಜ್ಯ ಉತ್ಪಾದನೆ ಆರಂಭಿಸಿದವು. ಇಲ್ಲಿನ ವಿದ್ಯುತ್ತು ಕರ್ನಾಟಕಕ್ಕೆ ಮಾತ್ರವಲ್ಲದೆ ದಕ್ಷಿಣದ ಇತರ ರಾಜ್ಯಗಳಿಗೂ ಹಂಚಿಕೆಯಾಗುತ್ತದೆ. ತಲಾ 700 ಮೆಗಾವಾಟ್‌ನ ಐದನೇ ಮತ್ತು ಆರನೇ ಘಟಕಗಳಿಗೆ ಕೇಂದ್ರ ಸಚಿವ ಸಂಪುಟವು 2017ರಲ್ಲಿ ಅನುಮೋದನೆ ನೀಡಿತು.

ಪ್ರಯೋಜನಗಳು

220 ಮೆಗಾವಾಟ್‌ನ ಒಂದು ಘಟಕವು ಪೂರ್ಣ ಸಾಮರ್ಥ್ಯದಲ್ಲಿ ನಡೆದರೆ ಒಂದು ದಿನಕ್ಕೆ 52 ಲಕ್ಷಕ್ಕೂ ಹೆಚ್ಚು ಯೂನಿಟ್ ಉತ್ಪಾದನೆಯಾಗುತ್ತದೆ. ಮಳೆ ಕೈಕೊಟ್ಟರೆ ಜಲವಿದ್ಯುತ್ ಕುಸಿಯುತ್ತದೆ. ಸೂರ್ಯ ಮುಳುಗಿದ ಮೇಲೆ ಸೌರ ಫಲಕಗಳಿಂದ ವಿದ್ಯುತ್ ಬರುವುದಿಲ್ಲ. ರಾಮನಗರದ ರೇಷ್ಮೆ ನೂಲು ಬಿಚ್ಚಾಣಿಕೆ ಘಟಕಕ್ಕಾಗಲಿ, ಚನ್ನಪಟ್ಟಣದ ಗೊಂಬೆ ಕಡೆಯುವ ಮೋಟಾರಿಗಾಗಲಿ, ಮಾಗಡಿ ಮತ್ತು ಕನಕಪುರದ ರೈತರು ರಾತ್ರಿ ಪಾಳಿಯಲ್ಲಿ ನಡೆಸುವ ಪಂಪ್‌ಸೆಟ್ಟಿಗಾಗಲಿ ಬೇಕಾಗಿರುವುದು ಹೊತ್ತು ನೋಡದೆ ಬರುವ ವಿದ್ಯುತ್ತು. ಕೈಗಾದ ಒಂದನೇ ಘಟಕವು 2016ರ ಮೇ ತಿಂಗಳಿಂದ 2018ರ ಡಿಸೆಂಬರ್ ಅಂತ್ಯದವರೆಗೆ ಸತತ 962 ದಿನ ನಿಲ್ಲದೆ ನಡೆದು ಆಗ ವಿಶ್ವದಾಖಲೆ ನಿರ್ಮಿಸಿತು. ಅದನ್ನು 2020ರಲ್ಲಿ ಕೆನಡಾದ ಡಾರ್ಲಿಂಗ್‌ಟನ್ ಸ್ಥಾವರದ ಘಟಕವೊಂದು ಮೀರಿತು. ಈ ಬಗೆಯ ಭಾರಜಲ ರಿಯಾಕ್ಟರಿಗೆ ನಡೆಯುತ್ತಿರುವಾಗಲೇ ಇಂಧನ ತುಂಬಬಹುದಾಗಿರುವುದು ಇದನ್ನು ಸಾಧ್ಯವಾಗಿಸಿದ ಮುಖ್ಯ ಕಾರಣ.

ರಿಯಾಕ್ಟರಿನಿಂದ ಹೊಗೆಯಾಗಲಿ ಹಾರುಬೂದಿಯಾಗಲಿ ಹೊರಡುವುದಿಲ್ಲ. 1720 ಮೆಗಾವಾಟ್‌ನ ರಾಯಚೂರು ಶಾಖೋತ್ಪನ್ನ ಕೇಂದ್ರದ ಸುತ್ತಲಿನ ಗ್ರಾಮಸ್ಥರಿಗೆ ಈ ವ್ಯತ್ಯಾಸವನ್ನು ವಿವರಿಸಬೇಕಾದ ಅಗತ್ಯವಿಲ್ಲ.

ಅಪಾಯಗಳು

1994ರ ಮೇ 13ರಂದು ನಿರ್ಮಾಣ ಹಂತದಲ್ಲಿದ್ದ ಒಂದನೇ ಘಟಕದ ಒಳ ಗುಮ್ಮಟದ ಕಾಂಕ್ರೀಟ್ ಕುಸಿದು ಕಾರ್ಮಿಕರು ಗಾಯಗೊಂಡರು. ಇಂಧನ ತುಂಬುವ ಮೊದಲೇ ಇದು ಸಂಭವಿಸಿದ್ದರಿಂದ ವಿಕಿರಣ ಸೋರಿಕೆಯ ಪ್ರಶ್ನೆ ಉದ್ಭವಿಸಲಿಲ್ಲ. ವಿಕಿರಣ ಹೊರಹೋಗದಂತೆ ತಡೆಯುವ ಕೊನೆಯ ಗೋಡೆಯೇ ಈ ಗುಮ್ಮಟವಾದ್ದರಿಂದ ವಿನ್ಯಾಸವನ್ನು ಬದಲಿಸಿ ಅದನ್ನು ಮತ್ತೆ ಕಟ್ಟಲಾಯಿತು.

2009ರ ನವೆಂಬರ್‌ನಲ್ಲಿ ಸ್ಥಾವರದ ಒಳಗಿನ ಕುಡಿಯುವ ನೀರಿನ ಕೂಲರಿನಲ್ಲಿ ಟ್ರಿಟಿಯಂಯುಕ್ತ ಭಾರಜಲ ಬೆರೆತು 50ಕ್ಕೂ ಹೆಚ್ಚು ನೌಕರರ ದೇಹ ಸೇರಿತ್ತು. ನೌಕರರ ಮೂತ್ರದ ನಿಯತ ಪರೀಕ್ಷೆಯಿಂದ ಇದು ಪತ್ತೆಯಾಯಿತು. ಒಳಗಿನವರೇ ಯಾರೋ ಬೆರೆಸಿರಬಹುದೆಂದು ಅಧಿಕಾರಿಗಳು ಅಂದು ತಿಳಿಸಿದ್ದರು. ಯಂತ್ರ ಸರಿಯಿದ್ದರೂ ಮನುಷ್ಯನಿಂದ ಅಪಾಯ ಒದಗಬಹುದೆಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ಬೇಕಿಲ್ಲ.

2011ರ ಮಾರ್ಚ್‌ನಲ್ಲಿ ಜಪಾನಿನ ಫುಕುಶಿಮಾದಲ್ಲಿ ಸುನಾಮಿಯಿಂದ ವಿದ್ಯುತ್ ಕಡಿತಗೊಂಡು ರಿಯಾಕ್ಟರನ್ನು ತಣಿಸುವ ವ್ಯವಸ್ಥೆ ನಿಂತುಹೋಯಿತು. ರಿಯಾಕ್ಟರನ್ನು ನಿಲ್ಲಿಸಿದ ಮೇಲೂ ಇಂಧನದಿಂದ ಶಾಖ ಹೊರಡುತ್ತಲೇ ಇರುವುದರಿಂದ ನೀರು ಹರಿಸುತ್ತಲೇ ಇರಬೇಕಾಗುತ್ತದೆ. ಕೈಗಾ ಸಮುದ್ರದಂಡೆಯಲ್ಲಿಲ್ಲ, ಆದರೆ ನದಿಯ ಮೇಲ್ಭಾಗದಲ್ಲಿ ಕೊಡಸಳ್ಳಿ ಮತ್ತು ಸೂಪಾ ಅಣೆಕಟ್ಟುಗಳಿರುವುದರಿಂದ ಅಲ್ಲಿ ಪರಿಗಣಿಸಬೇಕಾದದ್ದು ಪ್ರವಾಹ. ಬಳಸಿದ ಇಂಧನದಲ್ಲಿರುವ ಪ್ಲುಟೋನಿಯಂನ ಅರ್ಧಾಯು ಸುಮಾರು 24,000 ವರ್ಷ. ಅಷ್ಟು ಕಾಲದ ಕಾವಲಿಗೆ ಯಾವ ಸರ್ಕಾರವೂ ಖಾತರಿ ನೀಡಲಾರದು.

ಪ್ರಯೋಜನ ಒಂದೆಡೆ, ಅಪಾಯ ಮತ್ತೊಂದೆಡೆ

ತುರ್ತು ಪರಿಸ್ಥಿತಿಯ ಯೋಜನೆಯನ್ನು ಸ್ಥಾವರದಿಂದ 16 ಕಿಲೋಮೀಟರ್ ವ್ಯಾಪ್ತಿಗೆ ರೂಪಿಸಲಾಗಿರುತ್ತದೆ. ರಾಮನಗರವು ನೇರ ದೂರದಲ್ಲಿಯೇ ಕೈಗಾದಿಂದ 350 ಕಿಲೋಮೀಟರಿಗೂ ಆಚೆಗಿದೆ. ಅಣಕು ಕಾರ್ಯಾಚರಣೆಯ ದಿನ ಮನೆಯ ಬಾಗಿಲು ಮುಚ್ಚಿ ಕೂರಬೇಕಾದವರು ಕಾರವಾರ ತಾಲ್ಲೂಕಿನವರು. ಕಾಳಿ ಕಣಿವೆಯಲ್ಲಿ ಅಣೆಕಟ್ಟುಗಳಿಗಾಗಿ ಭೂಮಿ ಕಳೆದುಕೊಂಡವರೂ ಆ ಜಿಲ್ಲೆಯವರೇ. ದೀಪ ಉರಿಯುವುದು ನಮ್ಮಲ್ಲಿಯೂ ಹೌದು. ಡಾ. ಶಿವರಾಮ ಕಾರಂತರು 1989ರಲ್ಲಿ ಆ ಕ್ಷೇತ್ರದಿಂದ ಲೋಕಸಭೆಗೆ ಸ್ಪರ್ಧಿಸಿದ್ದು ಈ ಯೋಜನೆಯನ್ನು ವಿರೋಧಿಸಿಯೇ. ಅವರು ಗೆಲ್ಲಲಿಲ್ಲ, ಅವರು ಎತ್ತಿದ ಪ್ರಶ್ನೆಗಳು ಮುಂದೆಯೂ ಕೇಳಿಬಂದವು. ಐದು ಮತ್ತು ಆರನೇ ಘಟಕಗಳ ಬಗ್ಗೆ 2018ರ ಡಿಸೆಂಬರ್‌ನಲ್ಲಿ ಮಲ್ಲಾಪುರದಲ್ಲಿ ಸಾರ್ವಜನಿಕ ಆಲಿಕೆ ಸಭೆ ನಡೆದಾಗಲೂ ಸ್ಥಳೀಯರು ಆಕ್ಷೇಪಣೆಗಳನ್ನು ಮಂಡಿಸಿದರು.

ಮಾಹಿತಿ ಮತ್ತು ಅಭಿಪ್ರಾಯ ಸಲ್ಲಿಸುವ ಬಗ್ಗೆ

2006ರ ಪರಿಸರ ಪರಿಣಾಮ ಅಧಿಸೂಚನೆಯಲ್ಲಿ, ಆಲಿಕೆ ಸಭೆಗೆ ಹಾಜರಾಗುವ ಸ್ಥಳೀಯರಲ್ಲದೆ, ಯೋಜನೆಯಲ್ಲಿ ಸಕಾರಣ ಹಿತಾಸಕ್ತಿಯುಳ್ಳ ಇತರರಿಂದಲೂ ಲಿಖಿತ ಅಭಿಪ್ರಾಯ ಪಡೆಯಲು ಅವಕಾಶ ಕಲ್ಪಿಸಲಾಗಿದೆ. ಕರ್ನಾಟಕದಲ್ಲಿ ಇಂತಹ ಸಭೆಯ ಪ್ರಕಟಣೆಯನ್ನು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯು ಹೊರಡಿಸುತ್ತದೆ. ಸ್ಥಾವರದ ಸುತ್ತಲಿನ ವಿಕಿರಣ ಪ್ರಮಾಣದ ವಿವರ ಬಯಸುವವರು ಮಾಹಿತಿ ಹಕ್ಕು ಅಧಿನಿಯಮ 2005ರಡಿ ಪರಮಾಣು ವಿದ್ಯುತ್ ನಿಗಮದ ಅಥವಾ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಅರ್ಜಿ ಸಲ್ಲಿಸಬಹುದು. ಶುಲ್ಕ ರೂ. 10, ಬಡತನ ರೇಖೆಗಿಂತ ಕೆಳಗಿರುವವರಿಗೆ ಶುಲ್ಕ ವಿನಾಯಿತಿ ಇದೆ. ಎರಡೂ ಕೇಂದ್ರ ಸರ್ಕಾರದ ಅಧೀನ ಸಂಸ್ಥೆಗಳಾದ್ದರಿಂದ ಸದರಿ ಅರ್ಜಿಯನ್ನು ಬೆಸ್ಕಾಂ ಉಪವಿಭಾಗ ಕಚೇರಿಗೆ ನೀಡತಕ್ಕದ್ದಲ್ಲ.