ಶಿವರಾಮ ಕಾರಂತರ ‘ಬಾಲಪ್ರಪಂಚ’

ಕೋಟದಲ್ಲಿ 1902ರ ಅಕ್ಟೋಬರ್ 10ರಂದು ಜನಿಸಿದ ಶಿವರಾಮ ಕಾರಂತರು ಕಾದಂಬರಿಕಾರರೆಂದೇ ಹೆಸರಾಗಿದ್ದರೂ, ಚಿತ್ರಕಲೆ, ಚಲನಚಿತ್ರ, ಮುದ್ರಣಗಳಲ್ಲಿ ಕೈಯಾಡಿಸಿ ಗಳಿಸಿದ ಅನುಭವವನ್ನು ಮಕ್ಕಳ ಪುಸ್ತಕಗಳಿಗೂ ಧಾರೆಯೆರೆದರು. ಪುತ್ತೂರಿನ ಪರ್ಲಡ್ಕದಲ್ಲಿರುವ ಅವರ ‘ಬಾಲವನ’ವು ಆಟ, ಹಾಡು, ನಾಟಕ, ಚಿತ್ರಗಳ ಮೂಲಕವೇ ಮಕ್ಕಳು ಕಲಿಯಬೇಕೆಂಬ ನಂಬಿಕೆಯ ಪ್ರಯೋಗಶಾಲೆಯಾಗಿತ್ತು. 1936ರಲ್ಲಿ ಮೂರು ಸಂಪುಟಗಳಲ್ಲಿ ಹೊರಬಂದ ‘ಬಾಲಪ್ರಪಂಚ’ವು ಮಕ್ಕಳ ಸಚಿತ್ರ ವಿಶ್ವಕೋಶ, ಅಂದರೆ ಲೋಕದ ನಾನಾ ವಿಷಯಗಳನ್ನು ಚಿತ್ರಸಹಿತ ತಿಳಿಯಹೇಳುವ ಜ್ಞಾನಸಂಗ್ರಹ. ಪುತ್ತೂರು ಮದರಾಸು ಪ್ರಾಂತಕ್ಕೂ ಬೀಳಗಿ ಮುಂಬಯಿ ಪ್ರಾಂತಕ್ಕೂ ಸೇರಿ, ಜಮಖಂಡಿ, ಮುಧೋಳಗಳು ಪ್ರತ್ಯೇಕ ಸಂಸ್ಥಾನಗಳಾಗಿ, ಕನ್ನಡ ನಾಡೇ ಹರಿದು ಹಂಚಿಹೋಗಿದ್ದ ಆ ಕಾಲದಲ್ಲಿ ಕನ್ನಡದ ಮಕ್ಕಳೆಲ್ಲರಿಗೂ ಸಲ್ಲುವ ಇಂಥ ಕೃತಿಗೆ ಒಬ್ಬರೇ ಲೇಖಕರು ಕೈಹಾಕಿದ್ದು ಅಸಾಧಾರಣ ಸಾಹಸವೇ ಸರಿ. ಬಳಿಕ ಅವರು ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ವನ್ನೂ ರಚಿಸಿದರು.