ಬೆರಕೆಯ ಮಾನ

ಹೋದ ಸಲದ ಅಂಕಣ ಓದಿದ ಹಿರಿಯರೊಬ್ಬರು ಕಾರ್ಡು ಬರೆದು ನನ್ನನ್ನು ಬೈದಿದ್ದಾರೆ. ಲೈಟು, ಟೈಮು, ಬೋರು ಎಂದೆಲ್ಲ ಬರೆದು ನಾನು ಶುದ್ಧ ಕನ್ನಡವನ್ನು ಕಲಬೆರಕೆ ಮಾಡಿದ್ದೇನಂತೆ. 'ಶುದ್ಧ' ಸಂಸ್ಕೃತದ್ದು, 'ಕಾರ್ಡು' ಇಂಗ್ಲಿಷಿನದು ಎಂದು ಜಗಳ ತೆಗೆಯಬಹುದಿತ್ತು. ತೆಗೆಯುವುದಿಲ್ಲ. ಬರೀ 'ಬೆರಕೆ' ಎಂದಿದ್ದರೆ ಕಾರ್ಡನ್ನು ಮೇಜಿನ ಖಾನೆಗೆ ಹಾಕಿ ಮರೆತುಬಿಡುತ್ತಿದ್ದೆ. ಅದರ ಹಿಂದೆ 'ಕಲ' ಬಂದು ಕೂತಿತು ನೋಡಿ, ಅಲ್ಲಿಗೆ ನಾನು ಪೆಟ್ರೋಲಿಗೆ ಸೀಮೆಎಣ್ಣೆ ಸುರಿಯುವವರ ಸಾಲಿಗೆ ಸೇರಿದೆ.

ಈ 'ಕಲ' ಎಲ್ಲಿಯದು ಎಂದು ಕೇಳಿದರೆ ಪಂಡಿತರು ಕಲೆ, ಕಲಸು ಎಂಬ ಕಡೆ ಕೈ ತೋರಿಸುತ್ತಾರೆ. ನನ್ನ ಹಟ ಬೇರೆ. ಅದು ಕಲ್ಲೇ, ಅಕ್ಕಿಯೊಳಗಿನ ಕಲ್ಲು. ವ್ಯಾಕರಣ ಒಪ್ಪುವುದಿಲ್ಲ ಎಂಬುದು ಗೊತ್ತು, ಆದರೆ ಹಲ್ಲು ಒಪ್ಪುತ್ತದೆ. ಮೊರ ಹಿಡಿದು ಪಡಿತರದ ಅಕ್ಕಿ ಆರಿಸಿದ ಯಾರನ್ನು ಬೇಕಾದರೂ ಸಾಕ್ಷಿಗೆ ಕರೆಯಿರಿ. ಬೆರಕೆ ಮೊದಲಿಗೆ ಮರ್ಯಾದಸ್ಥ ಮಾತು, ಅದರ ಮಾನ ಕಳೆದದ್ದು ಅಂಗಡಿಯ ತಕ್ಕಡಿ ಎಂಬುದು ನನ್ನ ವಾದ. 1954ರಲ್ಲಿ ಆಹಾರ ಕಲಬೆರಕೆ ತಡೆಯಲು ಕಾಯ್ದೆಯೇ ಬಂದ ಮೇಲಂತೂ ಅದಕ್ಕೆ ಪೊಲೀಸು, ಪಂಚನಾಮೆಗಳ ವಾಸನೆ ಹತ್ತಿಕೊಂಡಿತು. 'ಹುಡುಗ ಎಲ್ಲರ ಜೊತೆ ಬೆರೆಯುತ್ತಾನೆ' ಎಂದರೆ ಹೆಣ್ಣಿನ ಕಡೆಯವರು ಈಗಲೂ ಹಿಗ್ಗುತ್ತಾರೆ. ಧಾರವಾಡದ ಕಡೆ 'ಭಾಳ ಬೆರಕಿ ಅದಾನ' ಎಂದುಬಿಟ್ಟರೆ ಚಹಾದ ಕಪ್ಪು ಕೆಳಗಿಟ್ಟು ಎದ್ದು ಹೋಗುತ್ತಾರೆ.

ಬೆರೆಸುವ ಜಗಳ ಕನ್ನಡದಲ್ಲಿ ನಿನ್ನೆ ಮೊನ್ನೆಯದಲ್ಲ. ಒಂಬತ್ತನೆಯ ಶತಮಾನದಲ್ಲಿ, ಇವತ್ತಿನ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ನೃಪತುಂಗನ ಆಸ್ಥಾನವಿದ್ದಾಗ ಶ್ರೀವಿಜಯ 'ಕವಿರಾಜಮಾರ್ಗ' ಬರೆದ. ಸಂಸ್ಕೃತ, ಕನ್ನಡ ಪದಗಳನ್ನು ಹಿಂದುಮುಂದು ತಿಳಿಯದೆ ಒಂದೇ ಸಮಾಸದಲ್ಲಿ ಬೆಸೆದರೆ ಏನಾಗುತ್ತದೆ ಎಂಬುದಕ್ಕೆ ಅವನು ಕೊಟ್ಟ ಹೋಲಿಕೆ ಇದು: ಕುದಿಯುವ ಹಾಲಿಗೆ ಮಜ್ಜಿಗೆಯ ಹನಿ ಬೆರೆಸಿದ ಹಾಗೆ. ಈ ಹೋಲಿಕೆಯನ್ನು ಎಲ್ಲರೂ ಉದಾಹರಿಸುತ್ತಾರೆ, ಹಾಲು ಒಡೆಯಿತು ಎಂದು ಮುಂದಕ್ಕೆ ಹೋಗುತ್ತಾರೆ. ನಾನು ಅಷ್ಟು ಬೇಗ ಒಲೆಯ ಮುಂದಿನಿಂದ ಏಳುವವನಲ್ಲ. ಹಾಲಿಗೆ ಮಜ್ಜಿಗೆ ಹಾಕುವುದು ತಪ್ಪೇ? ರಾತ್ರಿ ಎಲ್ಲ ಮನೆಯಲ್ಲೂ ನಡೆಯುವ ಕೆಲಸ ಅದು. ಕಾಸಿದ ಹಾಲು ಆರಿ ಉಗುರುಬೆಚ್ಚಗಾದಾಗ ಒಂದು ಚಮಚ ಮಜ್ಜಿಗೆ ಬಿಟ್ಟರೆ ಹೆಪ್ಪು, ಬೆಳಗಾದರೆ ಗಟ್ಟಿ ಮೊಸರು. ಅದೇ ಹಾಲು, ಅದೇ ಮಜ್ಜಿಗೆ, ಅದೇ ಚಮಚ. ಕೆಡಿಸಿದ್ದು ಕಾವು. ಶ್ರೀವಿಜಯ ಸುಮ್ಮನೆ 'ಹಾಲು' ಎಂದಿದ್ದರೆ ಅವನ ವಾದ ಅಲ್ಲೇ ಬಿದ್ದುಹೋಗುತ್ತಿತ್ತು, ಓದಿದ ಹೆಂಗಸರು ನಕ್ಕುಬಿಡುತ್ತಿದ್ದರು. ಅವನು ಬಳಸಿದ್ದು 'ಮಱುಗುವ' ಎಂಬ ಮಾತು. ಇವತ್ತು ನಾವು ಯಾರದೋ ಕಷ್ಟ ಕಂಡು ಮರುಗುತ್ತೇವಲ್ಲ, ಅದೇ ಮರುಗು. ಆಗ ಪಾತ್ರೆಯೊಳಗೆ ಕುದಿಯುತ್ತಿದ್ದ ಮಾತು ಈಗ ಎದೆಯೊಳಗೆ ಮಾತ್ರ ಕುದಿಯುತ್ತದೆ.

ಆ ಒಂದು ಪದದಿಂದ ಇಡೀ ನಿಯಮದ ಅರ್ಥವೇ ಹೊರಳುತ್ತದೆ. ಬೆರೆಸಬೇಡ ಎಂದಲ್ಲ ಅವನು ಹೇಳಿದ್ದು, ಒಲೆಯ ಮೇಲಿರುವಾಗ ಬೆರೆಸಬೇಡ ಎಂದು. ನನ್ನ ಓದು ಇದು. ಅರಿಸಮಾಸದ ಲೆಕ್ಕ ಹಾಕುವ ಮೇಷ್ಟರುಗಳು ಒಪ್ಪಬೇಕಾಗಿಲ್ಲ. ಸಂಸ್ಕೃತದ ದಂಡಿಯ 'ಕಾವ್ಯಾದರ್ಶ'ವನ್ನು ಪಕ್ಕದಲ್ಲಿಟ್ಟುಕೊಂಡೇ ಕನ್ನಡದ ಪುಸ್ತಕ ಬರೆದವನು ಹಾಗಲ್ಲದೆ ಇನ್ನು ಹೇಗೆ ಹೇಳಿಯಾನು?

ನಯಸೇನ ಇಷ್ಟು ಸೂಕ್ಷ್ಮದವನಲ್ಲ, ಕೋಪಿಷ್ಠ. ಗದಗಿನ ಹತ್ತಿರದ ಮುಳಗುಂದದ ಈ ಜೈನಮುನಿ 1112ರಲ್ಲಿ 'ಧರ್ಮಾಮೃತ' ಬರೆದ. ಕನ್ನಡದಲ್ಲಿ ಹೇಳುತ್ತೇನೆಂದು ಹೊರಟು ನಡುನಡುವೆ ಸಂಸ್ಕೃತ ತಂದು ಸುರಿಯುವವರನ್ನು ಅವನು ಕೇಳುವುದು ಒಂದೇ ಪ್ರಶ್ನೆ: ತುಪ್ಪಕ್ಕೂ ಎಣ್ಣೆಗೂ ಬೆರಕೆ ಸಲ್ಲುತ್ತದೆಯೇ? ಅದನ್ನು ಕೇಳುವಾಗ ಅವನ ಬಾಯಲ್ಲಿ ಬಂದದ್ದು ತುಪ್ಪವೂ ಅಲ್ಲ, ಎಣ್ಣೆಯೂ ಅಲ್ಲ. ಘೃತ, ತೈಲ! ಹೆಸರಿಗೆ ಹೆಸರೂ 'ಧರ್ಮಾಮೃತ'. ಸಿಕ್ಕಿಬಿದ್ದ ಮುನಿ ಎಂದು ಚಪ್ಪಾಳೆ ತಟ್ಟುವವರಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ಜನರ ಗಾದೆ, ಹೋಲಿಕೆಗಳನ್ನು ಪುಟಪುಟಕ್ಕೂ ಪೋಣಿಸಿದ ಮನುಷ್ಯನಿಗೆ ತುಪ್ಪ ಎಂಬ ಮಾತು ಮರೆತುಹೋಗಿತ್ತೇ? ಬೆರೆಸುವವರನ್ನು ಅವರದೇ ನಾಲಗೆಯಲ್ಲಿ ಅಣಕಿಸಿದ್ದಾನೆ, ಅಷ್ಟೆ.

ಮುಂದೆ ಆಂಡಯ್ಯ ತತ್ಸಮಗಳನ್ನೆಲ್ಲ ಹೊರಗಿಟ್ಟು 'ಕಬ್ಬಿಗರ ಕಾವ' ಬರೆದು ತೋರಿಸಿದ. ಚೆಂದವೇ, ಆದರೆ ಆ ಹಾದಿ ಹಿಡಿದವರು ಕಡಿಮೆ.

ಉಡುಪಿಯಲ್ಲಿ ಮಕ್ಕಳಿಗೆ ವ್ಯಾಯಾಮ ಕಲಿಸುತ್ತಿದ್ದ ನಂದಳಿಕೆ ಲಕ್ಷ್ಮೀನಾರಣಪ್ಪ, ಅಂದರೆ ನಮ್ಮ ಮುದ್ದಣ, ಬಂದಮೇಲೆ ಜಗಳದ ಧಾಟಿಯೇ ಬದಲಾಯಿತು. 'ಶ್ರೀರಾಮಾಶ್ವಮೇಧಂ'ನಲ್ಲಿ ಗಂಡ ಉದ್ದುದ್ದ ಸಂಸ್ಕೃತ ಶುರುಮಾಡಿದರೆ ಹೆಂಡತಿ ಮನೋರಮೆ ತಡೆಯುತ್ತಾಳೆ: ನೀರೇ ಇಳಿಯದ ಗಂಟಲಿಗೆ ಕಡುಬು ತುರುಕಿದ ಹಾಗಾಯಿತು ಎಂದು. ಇಲ್ಲಿಯವರೆಗೂ ಅಡುಗೆಮನೆಯದೇ ಮಾತು. ಆದರೆ ಅದೇ ಸಲ್ಲಾಪದಲ್ಲಿ ಕರಿಮಣಿ ಸರದ ನಡುವೆ ಹವಳ ಕೋದ ಹಾಗೆ ಎಂಬ ಚಿತ್ರವೂ ಬರುತ್ತದೆ. ತಿರುಳುಗನ್ನಡದ ನಡುನಡುವೆ ಸಂಸ್ಕೃತ ಹಾಗೆ ಮೆರೆಯಬೇಕಂತೆ. ಸಾವಿರ ವರ್ಷದ ಮನಸ್ತಾಪ ಒಂದು ಸರದಲ್ಲಿ ರಾಜಿಯಾಯಿತು. ಹೇಗೆ? ಮಣಿ ಕರಗುವುದಿಲ್ಲ, ಅದಕ್ಕೆ. ಹಾಲಿಗೆ ಬಿದ್ದ ಹನಿಯನ್ನು ಹೊರಗೆ ತೆಗೆಯಲಾಗದು, ತುಪ್ಪದೊಳಗಿನ ಎಣ್ಣೆಯನ್ನೂ ಆರಿಸಲಾಗದು. ದಾರದಲ್ಲಿ ಕರಿಮಣಿ ಕರಿಮಣಿಯಾಗಿಯೇ ಇರುತ್ತದೆ, ಹವಳ ಹವಳವಾಗಿಯೇ. ಮೂವರೂ ಮಾತನಾಡುತ್ತಿದ್ದದ್ದು ಒಂದೇ ವಿಷಯ. ಯಾರು ಯಾವ ಪಾತ್ರೆ ಕೈಗೆತ್ತಿಕೊಂಡರೋ ಆಗಲೇ ತೀರ್ಪು ಬರೆದಾಗಿತ್ತು. ಆಮೇಲಿನ ವಾದವೆಲ್ಲ ಆ ಪಾತ್ರೆಯ ತಳ ಉಜ್ಜಿದ್ದು.

ನನ್ನ ದೂರು ಇಂಗ್ಲಿಷ್ ಬೆರೆಯಿತು ಎಂಬುದರ ಮೇಲೆ ಅಲ್ಲವೇ ಅಲ್ಲ. ಬೆರೆಸುವುದಕ್ಕೇ ನಮ್ಮಲ್ಲಿದ್ದ ಮಾತುಗಳು ಹೋಗುತ್ತಿವೆ ಎಂಬುದರ ಮೇಲೆ. ಟಿವಿಯ ಅಡುಗೆಯವರು ಹಿಟ್ಟಾದರೂ 'ಮಿಕ್ಸ್ ಮಾಡ್ಕೊಳ್ಳಿ', ಪಾಯಸವಾದರೂ 'ಮಿಕ್ಸ್ ಮಾಡ್ಕೊಳ್ಳಿ', ಅನ್ನಕ್ಕೂ ಅದೇ, ಅವಲಕ್ಕಿಗೂ ಅದೇ. ಅನ್ನ ಕಲಸುತ್ತಿದ್ದೆವು, ಹಿಟ್ಟು ನಾದುತ್ತಿದ್ದೆವು, ಪಾಯಸಕ್ಕೆ ಕೈಯಾಡಿಸುತ್ತಿದ್ದೆವು, ಅಂಬಲಿಗೆ ಹಿಟ್ಟು ಕದಡುತ್ತಿದ್ದೆವು, ಕೊಡದ ನೀರನ್ನು ಕಲಕಬಾರದಿತ್ತು. ಒಂದೊಂದಕ್ಕೂ ಬೆರಳು ಬೇರೆ, ಬಲ ಬೇರೆ. ಎಲ್ಲವನ್ನೂ 'ಮಿಕ್ಸ್' ನುಂಗಿತು. ಒಂದು ಪರಭಾಷೆಯ ಪದ ಬಂದು ಒಂದು ಮಣೆ ಕೇಳಿದರೆ ಹಾಕೋಣ. ಐದು ಮಣೆಯ ಮೇಲೆ ಕಾಲು ಚಾಚಿ ಮಲಗಿದರೆ?

ನನ್ನನ್ನು ಕೇಳಿದರೆ ಈ ಜಗಳಕ್ಕೆ ಹೊಂದುವ ಹೋಲಿಕೆ ಹಾಲೂ ಅಲ್ಲ, ಹವಳವೂ ಅಲ್ಲ. ಬೆರಕೆ ಸೊಪ್ಪು. ಬಯಲುಸೀಮೆಯಲ್ಲಿ ಮಳೆ ಬಿದ್ದಮೇಲೆ ಹೊಲದ ಬದುವಿನಲ್ಲಿ ಮಡಿಲು ತುಂಬ ಕಿತ್ತು ತರುತ್ತಿದ್ದ ಅಣ್ಣೆ, ಗಣಿಕೆ, ಹೊನಗೊನೆ, ಕೀರೆ, ಗೋಣಿಸೊಪ್ಪು, ಕುಂಬಳದ ಕುಡಿ. ಎಲ್ಲವನ್ನೂ ಬೇಳೆಯ ಜೊತೆ ಬೇಯಿಸಿ ಮಸೆದರೆ ಮಸ್ಸೊಪ್ಪು, ಕಟ್ಟು ಬಸಿದರೆ ಬಸ್ಸಾರು. ಒಂದೇ ಸೊಪ್ಪು ಹಾಕಿದ್ದರೆ ಸಪ್ಪೆ ಎಂದು ಮುದ್ದೆಯ ಮುಂದೆ ಮುಖ ಸಿಂಡರಿಸುತ್ತಾರೆ. ಇಲ್ಲಿ ಒಂದಕ್ಕೊಂದು ಕರಗಿಯೂ ಕೆಟ್ಟಿತು ಎನ್ನುವವರಿಲ್ಲ, 'ಬೆರಕೆ' ಎಂದೇ ಕೂಗಿ ಮಾರಿದರೂ ಯಾರಿಗೂ ಮುಜುಗರವಿಲ್ಲ. ಕವಿಗಳ ಕಣ್ಣು ಹಾಲು ತುಪ್ಪದ ಮೇಲೆ ಬಿದ್ದಷ್ಟು ಸೊಪ್ಪಿನ ಮೇಲೆ ಬೀಳಲಿಲ್ಲ ಎಂಬ ಕೊರಗು ನನ್ನದು.

ಕೋಲಾರ, ತುಮಕೂರು, ಮಂಡ್ಯದ ಕಡೆಯ ಓದುಗರಲ್ಲಿ ಒಂದು ಕೋರಿಕೆ. ನಿಮ್ಮ ಮನೆಯಲ್ಲಿ ಬೆರಕೆಗೆ ಹಾಕುತ್ತಿದ್ದ ಸೊಪ್ಪುಗಳ ಹೆಸರು ಬರೆದು ಕಳಿಸಿ. ನಿಮ್ಮೂರಲ್ಲಿ ಹೇಗೆ ಅನ್ನುತ್ತಾರೋ ಹಾಗೆಯೇ ಬರೆಯಿರಿ, ನಿಘಂಟು ನೋಡಿ ತಿದ್ದಬೇಡಿ.