ಹಬ್ಬ ಹೊರಗಿನದು, ಅಕ್ಕಿ ತಮ್ಮದು: ಫಿಲಿಪೀನ್ಸಿನ ಕ್ರಿಸ್ಮಸ್ ತಿನಿಸುಗಳು



ಒಂದು ನಾಡಿನ ಚರಿತ್ರೆಯನ್ನು ಅರಿಯಲು ಅರಸರ ಹಾಗೂ ಯುದ್ಧಗಳ ವೃತ್ತಾಂತವಷ್ಟೇ ಸಾಲದು. ಹಬ್ಬದ ದಿನ ಅಲ್ಲಿನ ಜನ ಏನನ್ನು ಉಣ್ಣುತ್ತಾರೆಂಬುದನ್ನೂ ಗಮನಿಸಬೇಕು. ಫಿಲಿಪೀನ್ಸ್ ದ್ವೀಪಸಮೂಹ ಇದಕ್ಕೊಂದು ಉತ್ತಮ ನಿದರ್ಶನ.

1565ರಲ್ಲಿ ಸ್ಪೇನಿನವರು ಸೆಬು ದ್ವೀಪದಲ್ಲಿ ನೆಲೆಯೂರಿದರು. 1571ರಲ್ಲಿ ಮನಿಲಾ ಅವರ ರಾಜಧಾನಿಯಾಯಿತು. ಅವರೊಡನೆ ಕ್ರೈಸ್ತಮತವೂ ಕ್ರಿಸ್ಮಸ್ ಹಬ್ಬವೂ ಬೇರೂರಿದವು. ಆದರೆ ಅದು ಗೋಧಿಯ ನಾಡಲ್ಲ. ಭತ್ತ, ತೆಂಗು, ಬಾಳೆ, ಬಿದಿರುಗಳ ನಾಡು. ಹೊಸ ಹಬ್ಬಕ್ಕೆ ಹಳೆಯ ಅಡುಗೆಯೇ ಒದಗಿತು.

ಡಿಸೆಂಬರ್ 16ರಿಂದ 24ರವರೆಗೆ ಒಂಬತ್ತು ದಿನ ಅಲ್ಲಿ ಬೆಳಗಿನ ಜಾವ ‘ಸಿಂಬಾಂಗ್ ಗಾಬಿ’ ಎಂಬ ಪೂಜೆ ನಡೆಯುತ್ತದೆ. ಪೂಜೆ ಮುಗಿಸಿ ಬರುವವರಿಗಾಗಿ ಚರ್ಚಿನ ಹೊರಗೆ ಎರಡು ತಿನಿಸುಗಳು ಬಿಸಿಬಿಸಿಯಾಗಿ ಕಾದಿರುತ್ತವೆ. ಮಣ್ಣಿನ ಪಾತ್ರೆಗೆ ಬಾಳೆಯೆಲೆ ಹಾಸಿ, ತೆಂಗಿನಹಾಲಿನಲ್ಲಿ ಕಲಸಿದ ಅಕ್ಕಿಹಿಟ್ಟನ್ನು ಹೊಯ್ದು, ಕೆಳಗೂ ಮೇಲೂ ಕೆಂಡವಿರಿಸಿ ಬೇಯಿಸಿದ್ದು ‘ಬಿಬಿಂಗ್ಕ’. ‘ಪಿರುರುತೊಂಗ್’ ಎಂಬ ಕಡುನೇರಳೆ ಬಣ್ಣದ ಅಂಟಕ್ಕಿಯನ್ನು ನೆನೆಸಿ, ರುಬ್ಬಿ, ಬಿದಿರಿನ ಕೊಳವೆಗಳಲ್ಲಿ ಹಬೆಯಲ್ಲಿ ಬೇಯಿಸಿದ್ದು ‘ಪುತೊ ಬುಂಬೋಂಗ್’. ಇದನ್ನು ಕಾಯಿತುರಿ, ಕಂದುಸಕ್ಕರೆಗಳೊಡನೆ ತಿನ್ನುತ್ತಾರೆ.

1565ರಿಂದ 1815ರವರೆಗೆ ಮನಿಲಾ ಮತ್ತು ಮೆಕ್ಸಿಕೋದ ಅಕಾಪುಲ್ಕೊ ನಡುವೆ ಸ್ಪೇನಿನ ವ್ಯಾಪಾರಿ ಹಡಗುಗಳು ಸಂಚರಿಸಿದವು. ಮೆಕ್ಸಿಕೋದ ಮುಸುಕಿನಜೋಳದ ‘ತಮಾಲೆ’ ಫಿಲಿಪೀನ್ಸಿನ ಪಂಪಾಂಗ ಪ್ರಾಂತದಲ್ಲಿ ಅಕ್ಕಿ, ತೆಂಗಿನಹಾಲುಗಳಿಂದಾಗಿ ಬಾಳೆಯೆಲೆಯೊಳಗೆ ಸೇರಿಕೊಂಡಿತು. ಬಂದದ್ದನ್ನು ತಮ್ಮದಾಗಿಸಿಕೊಳ್ಳುವ ಬಗೆ ಇದು.

1898ರಲ್ಲಿ ಆರಂಭವಾದ ಅಮೆರಿಕನ್ನರ ಆಳ್ವಿಕೆಯಲ್ಲಿ ಡಬ್ಬಿಯ ಆಹಾರವೂ ಆಮದಾದ ಹಣ್ಣುಗಳೂ ಪ್ರತಿಷ್ಠೆಯ ವಸ್ತುಗಳಾದವು. ಸಿಯಾಟಲ್‌ನಲ್ಲಿ ವ್ಯಾಸಂಗ ಮಾಡಿ ತಾಯ್ನಾಡಿಗೆ ಮರಳಿದ ಆಹಾರವಿಜ್ಞಾನಿ ಮರಿಯಾ ಒರೋಸಾ ಬೇರೆ ದಾರಿ ಹಿಡಿದರು. ನಾಡಿನ ಬೆಳೆಗಳನ್ನೇ ಬಳಸುವುದನ್ನು ಹಳ್ಳಿಯ ಹೆಣ್ಣುಮಕ್ಕಳಿಗೆ ಕಲಿಸಿದರು. ಟೊಮೇಟೊಗೆ ಬದಲಾಗಿ ಬಾಳೆಹಣ್ಣಿನ ಕೆಚಪ್ ರೂಪಿಸಿದರು. ವಿದ್ಯುತ್ತಿಲ್ಲದ ಮನೆಗಳಿಗಾಗಿ ಮಡಕೆಯ ಒಲೆಯೊಂದನ್ನು ಕಂಡುಹಿಡಿದರು. 1945ರ ಫೆಬ್ರವರಿಯಲ್ಲಿ ಮನಿಲಾ ಯುದ್ಧದಲ್ಲಿ ಮಡಿದರು.

ಇಂದು ಪಿರುರುತೊಂಗ್ ಅಕ್ಕಿ ವಿರಳವಾಗಿದೆ. ಅನೇಕ ಮಾರಾಟಗಾರರು ಬಿಳಿಯ ಅಂಟಕ್ಕಿಗೆ ನೇರಳೆ ಬಣ್ಣ ಬೆರೆಸುತ್ತಾರೆ. ಹೆಸರೂ ಬಣ್ಣವೂ ಉಳಿದಿವೆ, ಆ ಅಕ್ಕಿಯ ಪರಿಮಳವಿಲ್ಲ. ಭತ್ತದ ತಳಿ ಉಳಿಯಬೇಕಾದರೆ ಅದನ್ನು ಬೆಳೆಯುವ ರೈತನಿರಬೇಕು, ಅದನ್ನೇ ಕೇಳಿ ಕೊಳ್ಳುವವರೂ ಇರಬೇಕು. ಪರದೇಶದಲ್ಲಿ ಹಬ್ಬಗಳನ್ನು ಆಚರಿಸುತ್ತಿರುವ ನಮಗೂ ಈ ಮಾತು ಚಿಂತನೀಯ.